ಕರಿಕಲ್ಲಿನ ಕೆಳಗೊಂದು ಓರೆ ಗೆರೆ

ನೆಲಕ್ಕೆ ಒಂದು ಪೆಟ್ಟು ಕೊಡುವುದು, ಒಳಗಿನಿಂದ ಏನು ಮರುದನಿ ಬರುತ್ತದೆಂದು ಕೇಳುವುದು. ನಿವೃತ್ತಳಾಗುವವರೆಗೆ ನಾನು ಮಾಡಿದ ಕೆಲಸ ಇಷ್ಟೇ. ಇದಕ್ಕೆ ಭೂಕಂಪನ ಚಿತ್ರಣ ಎಂಬ ದೊಡ್ಡ ಹೆಸರಿದೆ. ಈಗ ಹೊಸದಾಗಿ ಸೇರುವ ಹುಡುಗ ಹುಡುಗಿಯರು ತಂಪು ಕೋಣೆಯಲ್ಲಿ ಕೂತು ಪರದೆಯ ಮೇಲಿನ ಬಣ್ಣದ ಗೆರೆ ನೋಡುವುದೇ ಈ ಕೆಲಸ ಎಂದುಕೊಂಡು ಬರುತ್ತಾರೆ. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ಗೆರೆ ಪರದೆಗೆ ಬರುವ ಮೊದಲು ಎರೆಹೊಲ ತುಳಿಯಬೇಕು, ರೈತರ ಹತ್ತಿರ ಬೈಸಿಕೊಳ್ಳಬೇಕು, ಮೇಲಿನವರ ಮುಂದೆ ನಗೆಪಾಟಲಾಗಬೇಕು. ಆಮೇಲೆ ಗೆರೆ.

ನಾನು ನಾಲತವಾಡದವಳು, ಹಸೀನಾ ನದಾಫ. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಧಾರವಾಡಕ್ಕೆ ಭೂವಿಜ್ಞಾನ ಓದಲು ಹೊರಟಾಗ ನಮ್ಮ ದೊಡ್ಡಮ್ಮ ಓಣಿಯೆಲ್ಲ ಕೇಳುವ ಹಾಗೆ ಅಂದಿದ್ದಳು: “ಇಮಾಮಸಾಬಾ, ಮಂದಿ ಮಕ್ಕಳು ಡಾಕ್ಟರಕಿ ಓದತಾರ, ನಿನ್ನ ಮಗಳು ಕಲ್ಲು ಓದಾಕ ಹೊಂಟಾಳಲ್ಲೋ!”

ಅಪ್ಪ ತಲೆ ಎತ್ತದೆ ಗಾದಿಗೆ ಹೊಲಿಗೆ ಹಾಕುತ್ತಲೇ ಉತ್ತರ ಕೊಟ್ಟ: “ಕಲ್ಲರ ಓದಲಿ, ಮಣ್ಣರ ಓದಲಿ. ಓದಾಕತ್ತಾಳಿಲ್ಲೋ?”

ಓದಿದೆ. ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಕೆಲಸವೂ ಸಿಕ್ಕಿತು. ಊರೂರು ಅಲೆಯುವ ಕ್ಷೇತ್ರ ತಂಡದಲ್ಲಿ ನಾನೊಬ್ಬಳೇ ಹೆಂಗಸು. ಒಂದು ವರ್ಷದೊಳಗೆ ಓಡಿಹೋಗುತ್ತಾಳೆ ಎಂದು ತಂಡದವರು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರಂತೆ. ಆ ಮಾತಾಡಿದವರ ಬೀಳ್ಕೊಡುಗೆಗಳಲ್ಲೆಲ್ಲ ಹಾರ ಹಾಕಿದವಳು ನಾನೇ.

ನಾವು ಹುಡುಕುತ್ತಿದ್ದದ್ದು ಏನು ಎಂದು ಮೊದಲೇ ಹೇಳಿಬಿಡುತ್ತೇನೆ. ನೂರಾರು ಕೋಟಿ ವರ್ಷಗಳ ಹಿಂದೆ ಬೇರೆ ಬೇರೆಯಾಗಿದ್ದ ಭೂಖಂಡಗಳು ಒಂದಕ್ಕೊಂದು ಢಿಕ್ಕಿ ಹೊಡೆದು ಬೆಸೆದುಕೊಂಡ ಜಾಗಗಳಿವೆ. ಒಂದರ ಅಂಚು ಇನ್ನೊಂದರ ಕೆಳಗೆ ನುಗ್ಗುತ್ತದೆ, ಮೇಲೆ ಪರ್ವತ ಏಳುತ್ತದೆ. ಹಿಮಾಲಯದಲ್ಲಿ ಈ ಕೆಲಸ ಇನ್ನೂ ನಡೆದಿದೆ, ಆದ್ದರಿಂದ ಎಲ್ಲರ ಕಣ್ಣಿಗೂ ಕಾಣುತ್ತದೆ. ತೀರ ಹಳೆಯ ಢಿಕ್ಕಿಗಳ ಪರ್ವತ ಸವೆದು ಮಣ್ಣಾಗಿ ಹೋಗಿದೆ. ನಮ್ಮ ಕಡೆ ಅದರ ಮೇಲೆ ಲಾವಾ ಬೇರೆ ಹರಿದು ಕರಿಕಲ್ಲಾಗಿ ಕೂತಿದೆ. ಇಂಡಿ ಊರಿನಿಂದ ಬಸವನ ಬಾಗೇವಾಡಿಯವರೆಗೆ ಎಲ್ಲಿ ಬಾವಿ ತೋಡಿದರೂ ಅದೇ ಕರಿಕಲ್ಲು. ಅದರ ಕೆಳಗೆ ಅಂಥದೊಂದು ಬೆಸುಗೆ ಉಳಿದಿದ್ದರೆ ಅಗೆದು ನೋಡುವ ಮಾತೇ ಇಲ್ಲ. ಸದ್ದು ಕಳಿಸಿ, ಅದು ಯಾವ ಪದರಕ್ಕೆ ತಾಗಿ ಎಷ್ಟು ಹೊತ್ತಿಗೆ ವಾಪಸು ಬಂತೆಂದು ಲೆಕ್ಕ ಹಾಕಿ ಚಿತ್ರ ಬಿಡಿಸಬೇಕು.

ಮೊದಲ ವರ್ಷಗಳಲ್ಲಿ ನಾವು ಸದ್ದು ಮಾಡುತ್ತಿದ್ದದ್ದು ಮದ್ದಿನಿಂದ. ನೆಲಕ್ಕೆ ತೂತು ಕೊರೆದು, ಮದ್ದು ಇಳಿಸಿ, ಮೇಲೆ ಮಣ್ಣು ಜಡಿದು ಸಿಡಿಸುವುದು. ಸುತ್ತಮುತ್ತ ನೆಲಕ್ಕೆ ಜಿಯೋಫೋನು ಚುಚ್ಚಿರುತ್ತಿದ್ದೆವು. ಕೆಳಗೆ ಮೊಳೆ ಇರುವ, ಮುಷ್ಟಿ ಗಾತ್ರದ ಡಬ್ಬಿ ಅದು, ನೆಲದ ನಡುಕವನ್ನು ಹಿಡಿಯುತ್ತದೆ. ಡಬ್ಬಿಯಿಂದ ಡಬ್ಬಿಗೆ ಮೈಲುಗಟ್ಟಲೆ ಕೇಬಲ್ಲು. ಬೇಸಿಗೆಯಲ್ಲಿ ಎರೆಮಣ್ಣು ಬಿರುಕು ಬಿಟ್ಟರೆ ಡಬ್ಬಿ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ಚುಚ್ಚಿದರೆ ಮತ್ತೆ ಕೀಳಲು ಬರುವುದಿಲ್ಲ. ಆಡುಗಳಿಗಂತೂ ಕೇಬಲ್ಲಿನ ಮೇಲೆ ಏನು ಪ್ರೀತಿಯೋ! ಅಗಿದ ಕೇಬಲ್ಲನ್ನು ಹುಡುಕಿ ಬೆಸೆಯುವುದರಲ್ಲೇ ಅರ್ಧ ದಿನ ಕಳೆಯುತ್ತಿತ್ತು.

ಮಸೂತಿಯಲ್ಲಿ ಒಂದು ಮದ್ದು ಸಿಡಿಸಿದ ಮೇಲೆ ಒಬ್ಬ ರೈತ ದೂರದ ಹೊಲದಿಂದ ಓಡೋಡಿ ಬಂದ. ಜಗಳಕ್ಕೇ ಬಂದ ಎಂದು ನಮ್ಮವರು ಹಿಂದೆ ಸರಿದರು. ಆತ ಬಂದವನೇ ಏದುಸಿರು ಬಿಡುತ್ತ ಕೈ ಮುಗಿದ: “ನಮ್ಮ ಬಾವ್ಯಾಗೂ ಒಂದ ಹೊಡದ ಹೋಗ್ರಿ ಸಾಹೇಬ್ರ, ಸೆಲಿ ಬಂದ್ರ ಬರಲಿ!” ನೀರು ಬರಿಸುವ ಮದ್ದು ಇದಲ್ಲ ಎಂದು ತಿಳಿಹೇಳಿ ಕಳಿಸುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಅಲ್ಲಿಂದ ಮುಂದೆ ಯಾವ ಊರಿಗೆ ಹೋದರೂ ನಾನು ಮೊದಲು ಹೇಳುತ್ತಿದ್ದ ಮಾತು, ನಾವು ನೀರು ಹುಡುಕುವವರಲ್ಲ ಎಂದು. ನೀವೂ ಇದನ್ನೇ ಮಾಡಿ. ಊರಿನವರಿಗೆ ಆಸೆ ತೋರಿಸಿ ಜಾಗ ಕೇಳಬೇಡಿ.

ಬಹಳ ವರ್ಷಗಳ ಮೇಲೆ ಇಂಡಿ ಊರಿನ ಹತ್ತಿರ ಆದ ಫಜೀತಿ ಬೇರೆ ತರಹದ್ದು. ಬಿಸಿಲು ಕೆಂಡದಂತಿತ್ತು. ಜಿಯೋಫೋನು ಚುಚ್ಚುವ ಹುಡುಗರು ಲಿಂಬೆ ತೋಟದ ನೆರಳು ಹಿಡಿದುಕೊಂಡೇ ಸಾಲು ಎಳೆದುಬಿಟ್ಟರು. ದಾಖಲೆ ತೆಗೆದರೆ ಒಂದೇ ಸಮನೆ ಗುಯ್ಗುಡುವ ನಡುಕ. ನಮ್ಮ ಮುಖ್ಯಸ್ಥ ಶೇಷಾದ್ರಿ ಸರ್ ಅದನ್ನು ನೋಡಿ ಉಪಕರಣ ಕೆಟ್ಟಿದೆಯೆಂದು ಒಂದೊಂದೇ ಡಬ್ಬಿ ಬಿಚ್ಚಿಸಿದರು. ಕಡೆಗೆ ಗೊತ್ತಾದದ್ದು ಇಷ್ಟು: ಗಾಳಿಗೆ ಗಿಡ ಓಲಾಡುತ್ತದೆ, ಗಿಡದ ಜೊತೆ ಬೇರು, ಬೇರಿನ ಜೊತೆ ನೆಲ. ತೋಟದ ಮಾಲೀಕ ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ ಕೇಳಿದ: “ನಮ್ಮ ಲಿಂಬಿ ಗಿಡದ ಹಾಡ ರೆಕಾರ್ಡ್ ಮಾಡ್ಕೊಳ್ಳಾಕ ಇಷ್ಟ ದೂರ ಬಂದ್ರೇನ್ರಿ?” ಶೇಷಾದ್ರಿಯವರು ನಗಲಿಲ್ಲ. ನಾವು ಮಾತ್ರ ಜೀಪಿನ ಹಿಂದೆ ಹೋಗಿ ನಕ್ಕೆವು.

ಶೇಷಾದ್ರಿಯವರ ಬಗ್ಗೆ ಹೇಳಬೇಕು. ಮೈಸೂರು ಕಡೆಯವರು, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ನಮ್ಮ ಕಡೆಯವರ ಮಾತು ಅವರಿಗೆ ಮೊದಮೊದಲು ಜಗಳದಂತೆ ಕೇಳಿಸುತ್ತಿತ್ತು. ಆದರೆ ದಾಖಲೆಯ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನ ಮನುಷ್ಯನನ್ನು ನಾನು ಮತ್ತೆ ನೋಡಲಿಲ್ಲ. ತಮಗೆ ಬೇಕಾದದ್ದು ಕಂಡಾಗಲೇ ಅವರಿಗೆ ಹೆಚ್ಚು ಅನುಮಾನ. ನನಗೆ ಅವರ ಮೇಲೆ ಸಿಟ್ಟು ಬಂದದ್ದೂ ಇದೇ ಗುಣಕ್ಕೆ, ಗೌರವ ಉಳಿದದ್ದೂ ಇದೇ ಗುಣಕ್ಕೆ.

ಈಗ ಓರೆ ಗೆರೆಯ ಮಾತಿಗೆ ಬರುತ್ತೇನೆ. ಅದೇ ಈ ಕಥನದ ಜೀವ.

ಇಂಡಿಯಿಂದ ಶುರುವಾಗಿ, ಸಿಂದಗಿ ಸೀಮೆಯ ಅಂಚು ಹಿಡಿದು, ಬಾಗೇವಾಡಿ, ಮುದ್ದೇಬಿಹಾಳ ದಾಟಿ ಕೃಷ್ಣಾ ನದಿಯವರೆಗೆ ನಮ್ಮ ಅಳತೆಯ ಸಾಲು ಹೋಗಬೇಕಿತ್ತು. ಅಷ್ಟು ಹೊತ್ತಿಗೆ ಮದ್ದಿನ ಕಾಲ ಮುಗಿದಿತ್ತು. ಕಂಪನ ಲಾರಿಗಳು ಬಂದಿದ್ದವು. ಲಾರಿಯ ಹೊಟ್ಟೆಯ ಕೆಳಗಿನ ಒಂದು ಉಕ್ಕಿನ ಹಲಗೆ ನೆಲಕ್ಕೆ ಒತ್ತಿ ಕೂತು ಗಡಗಡ ನಡುಗಿಸುತ್ತದೆ. ಕೇಬಲ್ಲೂ ಹೋಗಿ, ತಂತಿಯಿಲ್ಲದ ಪುಟ್ಟ ಡಬ್ಬಿಗಳು ಬಂದಿದ್ದವು. ಅವನ್ನು ನೆಲದಲ್ಲಿ ಹುಗಿದು ಬಿಟ್ಟರೆ ವಾರಗಟ್ಟಲೆ ತಮ್ಮಷ್ಟಕ್ಕೆ ತಾವೇ ಕೇಳುತ್ತಿರುತ್ತವೆ.

ಉತ್ತರದ ಅರ್ಧ ಸಾಲು ಮುಗಿದು ಚಿತ್ರ ಬಂದಾಗ ಅದರಲ್ಲಿ ಒಂದು ಗೆರೆ ಕಂಡಿತು. ಇಂಡಿಯ ಕೆಳಗೆ ಬಹಳ ಆಳದಲ್ಲಿ, ದಕ್ಷಿಣಕ್ಕೆ ಬರಬರುತ್ತ ಮೇಲೇರುವ ಓರೆ ಗೆರೆ. ಬಾಗೇವಾಡಿಯ ಹತ್ತಿರ ಮಸುಕಾಗಿ ಹೋಗುತ್ತಿತ್ತು. ನೋಡಿದ ಕೂಡಲೇ ಅದನ್ನು ಶೇಷಾದ್ರಿಯವರ ಮುಂದೆ ಹಿಡಿದೆ. ಒಂದು ಭೂಖಂಡ ಇನ್ನೊಂದರ ಕೆಳಗೆ ಇಳಿದ ಜಾಡು ಇದು ಎಂದು ವಾದಿಸಿದೆ.

ಶೇಷಾದ್ರಿಯವರು ಕನ್ನಡಕ ತೆಗೆದು ಒರೆಸಿದರು. “ನೋಡಿ ಹಸೀನಾ, ನೀವು ನೋಡ್ತಿರೋದು ದೆವ್ವ. ಕರಿಕಲ್ಲಿನ ತಳಕ್ಕೂ ನೆಲಕ್ಕೂ ನಡುವೆ ಸದ್ದು ಚೆಂಡಿನ ಹಾಗೆ ಪುಟಿದಾಡುತ್ತೆ. ಅದು ತಡವಾಗಿ ವಾಪಸ್ ಬಂದಾಗ ಆಳದಲ್ಲಿ ಏನೋ ಇದೆ ಅನ್ನಿಸುತ್ತೆ. ಇಲ್ಲದ ಗೆರೆ.”

“ದೆವ್ವ ಆದ್ರ ಓರೆ ಯಾಕ ನಿಂತೈತಿ ಸರ್?”

“ಕರಿಕಲ್ಲೇ ದಕ್ಷಿಣಕ್ಕೆ ತೆಳ್ಳಗಾಗುತ್ತಲ್ಲ. ದೆವ್ವವೂ ಓರೆಯಾಗಿರುತ್ತೆ.”

ಮಾತು ಸರಿಯಾಗಿಯೇ ಇತ್ತು. ಆದರೆ ಇದಕ್ಕೆ ಪರೀಕ್ಷೆಯೂ ಇತ್ತು. ಮುದ್ದೇಬಿಹಾಳ ದಾಟಿ ತಂಗಡಗಿಯ ಕಡೆ ಹೋದರೆ ಕರಿಕಲ್ಲಿನ ಹೊದಿಕೆ ಮುಗಿದುಹೋಗುತ್ತದೆ. ಅಲ್ಲಿ ಸದ್ದು ಪುಟಿದಾಡಲು ಜಾಗವೇ ಇಲ್ಲ. ಗೆರೆ ಸುಳ್ಳಾಗಿದ್ದರೆ ತಂಗಡಗಿಯಲ್ಲಿ ಕಾಣಬಾರದು. ನಿಜವಾಗಿದ್ದರೆ ಅಲ್ಲಿ ಇನ್ನೂ ಮೇಲೆ ಬಂದು ಕಾಣಬೇಕು. ಶೇಷಾದ್ರಿಯವರು ಒಪ್ಪಿದರು. “ತಂಗಡಗಿ ಹೇಳಲಿ” ಎಂದರು.

ತಂಗಡಗಿ ಏನನ್ನೂ ಹೇಳಲಿಲ್ಲ. ಹೇಳಲು ನಾವೇ ಬಿಡಲಿಲ್ಲ ಎನ್ನಬೇಕು. ನದಿ ದಡದುದ್ದಕ್ಕೂ ನೀರೆತ್ತುವ ಮೋಟರುಗಳು, ಕಬ್ಬಿನ ಟ್ರ್ಯಾಕ್ಟರುಗಳು, ಹಿಟ್ಟಿನ ಗಿರಣಿ. ಪರದೆಯ ಮೇಲೆ ಬರೀ ಕೆಸರು. ಮೂರು ಫೇಸ್ ಕರೆಂಟು ಹೋದ ಹೊತ್ತು ನೋಡಿ ಮಾಡಿದೆವು, ಆಗ ಟ್ರ್ಯಾಕ್ಟರುಗಳ ಹಾವಳಿ. ಒಂದು ಹಂಗಾಮು ಹೀಗೇ ಕಳೆಯಿತು. ಎರಡನೆಯದರ ನಡುವೆ ಮೇಲಿನಿಂದ ಮಾತು ಬಂತು: ಕಂಪನ ಲಾರಿಗಳು ಬೇರೆ ರಾಜ್ಯಕ್ಕೆ ಬೇಕಾಗಿವೆ, ಮುಂದಿನ ವಾರ ಕಳಿಸಿಬಿಡಿ, ಕರ್ನಾಟಕದ ಸಾಲು ಇದ್ದಷ್ಟಕ್ಕೆ ನಿಲ್ಲಲಿ. ನನ್ನ ನಿವೃತ್ತಿ ಹತ್ತಿರದಲ್ಲಿತ್ತು. ಲಾರಿ ಹೋದರೆ ನನ್ನ ಕಾಲದಲ್ಲಿ ವಾಪಸು ಬರುವುದಿಲ್ಲ. ಗೆರೆ ದೆವ್ವವಾಗಿಯೇ ಉಳಿಯುತ್ತದೆ, ದೆವ್ವ ನೋಡಿದವಳಾಗಿ ನಾನು ಮನೆಗೆ ಹೋಗುತ್ತೇನೆ.

ಆ ವಾರ ನಾನು ಮಾಡಿದ್ದು ಎಲ್ಲರೂ ಎಸೆಯುವ ದಾಖಲೆಯನ್ನು ಓದುವ ಕೆಲಸ. ಹುಗಿದ ಡಬ್ಬಿಗಳು ಲಾರಿ ನಡುಗಿಸಿದಾಗ ಮಾತ್ರವಲ್ಲ, ಸುಮ್ಮನಿದ್ದಾಗಲೂ ಕೇಳುತ್ತಿರುತ್ತವೆ ಎಂದೆನಲ್ಲ. ಬರೀ ಗದ್ದಲವನ್ನೇ ದಿನದಿನಕ್ಕೂ ಬಿಡಿಸಿ ಒಂದರ ಪಕ್ಕ ಒಂದು ಇಟ್ಟೆ. ಆರು ದಿನ ಹಲ್ಲುಹಲ್ಲಾಗಿ ಎದ್ದಿದೆ, ಒಂದು ದಿನ ತಗ್ಗಿದೆ. ಮತ್ತೆ ಆರು ದಿನ, ಮತ್ತೊಂದು ತಗ್ಗು. ಎಲ್ಲ ವಾರವೂ ಹೀಗೆಯೇ.

ಯಾವ ದಿನ ಎಂದು ನೋಡಿದರೆ ಸೋಮವಾರ.

ನಗು ತಡೆಯಲಾಗಲಿಲ್ಲ. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನ ದಿನ. ನಮ್ಮ ಮುಸಲ್ಮಾನ ರೈತರ ಮನೆಯಲ್ಲೂ ಎತ್ತಿಗೆ ಅದೇ ಸೂಟಿ. ಟ್ರ್ಯಾಕ್ಟರು ಬಂದ ಮೇಲೂ ಎಷ್ಟೋ ಜನ ಅಂದು ಹೊಲಕ್ಕೆ ಇಳಿಸುವುದಿಲ್ಲ. ನಮ್ಮ ತಂಡದ ಆಳುಗಳೂ ಇಲ್ಲಿಯವರೇ. ಮದ್ದಿನ ಕಾಲದಲ್ಲಿ ಅವರು ಸೋಮವಾರ ನೆಲ ಕೊರೆಯಲು ಒಪ್ಪಲಿಲ್ಲವೆಂದು ಅದನ್ನೇ ವಾರದ ರಜೆ ಮಾಡಿದ್ದರು. ಕೊರೆಯುವುದು ನಿಂತು ವರ್ಷಗಳೇ ಆಗಿದ್ದರೂ ರಜೆ ಬದಲಾಗಿರಲಿಲ್ಲ. ಊರು ಬಾಯಿ ಮುಚ್ಚಿದ ಒಂದೇ ದಿನ ನಾವು ಕಿವಿ ಮುಚ್ಚಿ ಮಲಗುತ್ತಿದ್ದೆವು!

ಶೇಷಾದ್ರಿಯವರು ನಾನು ತೋರಿಸಿದ ಗೆರೆಗಳನ್ನು ಬಹಳ ಹೊತ್ತು ನೋಡಿದರು. “ಸೋಮವಾರವೂ ಪೂರ್ತಿ ಚಪ್ಪಟೆ ಇಲ್ಲ. ಮೋಟರ್ ಇದೆ.”

“ಮೋಟರ್ ಬಂದ್ ಮಾಡಸ್ತೇನ್ರಿ ಸರ್.”

“ಯಾರ ಅಧಿಕಾರದಲ್ಲಿ?”

“ಅಧಿಕಾರ ಏನಿಲ್ರಿ. ಹೋಗಿ ಕೇಳ್ತೇನಿ.”

ಭಾನುವಾರ ಬೆಳಿಗ್ಗೆ ಒಂದು ಕಂಪನ ಲಾರಿ ತೆಗೆದುಕೊಂಡು ತಂಗಡಗಿಗೆ ಹೋದೆ. ನದಿ ದಡದಲ್ಲಿ ಹೆಚ್ಚಿನ ಕಬ್ಬು ಗಂಗವ್ವ ಎಂಬ ಮುದುಕಿಯದು. ಅವಳು ಹೂಂ ಎಂದರೆ ದಡವೆಲ್ಲ ಹೂಂ ಎಂದಂತೆ ಎಂದು ಚಹಾದಂಗಡಿಯಲ್ಲಿ ಹೇಳಿದರು. ಅವಳು ಕಟ್ಟೆಯ ಮೇಲೆ ಕೂತು ಎಲೆ ಹಾಕಿಕೊಳ್ಳುತ್ತಿದ್ದಳು. ಹತ್ತಾರು ಜನ ಸುತ್ತ ಸೇರಿದರು.

ನನ್ನ ಮಾತು ಪೂರ್ತಿ ಕೇಳಿ ಗಂಗವ್ವ ಕೆಂಪಗೆ ಉಗುಳಿದಳು. “ಎತ್ತಿಗೆ ಸೂಟಿ ಕೊಟ್ಟ ದಿನಾನ ನೀ ಬಂದ ನೆಲಾ ನಡುಗಸ್ತೇನಂತಿ. ಭೂಮಿತಾಯಿಗೆ ಸೋಮಾರ ಇಲ್ಲೇನವಾ?”

“ನೆಲಾ ಕೊರೆಂಗಿಲ್ರಿ ಯವ್ವಾ. ಕಾಲೂರಿ ನಿಂತಂಗ, ಅಷ್ಟ.”

“ಬಾಯಿ ಮಾತ ಬ್ಯಾಡ. ತೋರಸು.”

ಲಾರಿಯನ್ನು ಅವಳ ಹೊಲದ ಬದುವಿನ ಪಕ್ಕಕ್ಕೇ ತಂದು ನಿಲ್ಲಿಸಿದೆ. ಹಲಗೆ ಇಳಿಯಿತು, ನೆಲ ಗುರ್ ಎಂದಿತು. ಗಂಗವ್ವ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು ನಡುಕವನ್ನು ಅಳೆದಳು. ಹಲಗೆ ಮೇಲೆದ್ದ ಮೇಲೆ ಬಗ್ಗಿ ಮಣ್ಣು ಸವರಿ ನೋಡಿದಳು. “ಇಷ್ಟೇನ? ನನ್ನ ಸೊಸಿ ರೊಟ್ಟಿ ಬಡದ್ರ ಇದಕ್ಕಿಂತ ಜೋರ ನಡಗತೈತಿ.”

ಜನ ಹೋ ಎಂದು ನಕ್ಕರು. ಆದರೆ ಗಂಗವ್ವ ನಗಲಿಲ್ಲ. “ಕೆಳಗ ಏನೈತಿ ಖರೇ ಹೇಳು. ನೀರೋ, ಬಂಗಾರೋ?”

“ಎರಡೂ ಇಲ್ರಿ.”

“ಮತ್ಯಾಕ ಸಾಯಾಕತ್ತಿ?”

“ಭಾಳ ಹಿಂದ ಎರಡು ಭೂಮಿ ಬ್ಯಾರೆ ಬ್ಯಾರೆ ಇದ್ದು, ಇಲ್ಲಿ ಬಂದ ಕೂಡ್ಯಾವಂತ ನನ್ನ ಲೆಕ್ಕ ಐತ್ರಿ. ಅದು ಖರೇನೋ ಸುಳ್ಳೋ ನಾಳಿಗೆ ತಿಳಿಬೇಕು. ತಿಳೀಲಿಲ್ಲ ಅಂದ್ರ ಲಾರಿ ಹೋಗ್ತಾವು.”

“ಎರಡು ಹೊಲಾ ಕೂಡಿದಲ್ಲಿ ಜಗಳ ಇರತೈತಿ.”

“ಇಲ್ಲೂ ಆಗೇತ್ರಿ. ಒಂದರ ಬದು ಒಂದರ ಕೆಳಗ ಹೋಗೇತಿ.”

ಅವಳಿಗೆ ಅದು ಹಿಡಿಸಿತು. ಅಡಿಕೆ ಹೋಳು ಬಾಯಿಗೆ ಒಗೆದುಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಯಾವೂರಾಕಿ ನೀ?”

“ನಾಲತವಾಡದಾಕಿ. ಗಾದಿ ಹೊಲಿಯೋ ಇಮಾಮಸಾಬನ ಮಗಳು.”

“ಅಯ್ಯ, ನದಾಫರ ಹುಡುಗಿ! ನನ್ನ ಮದವ್ಯಾಗಿನ ಗಾದಿ ನಿಮ್ಮಪ್ಪನೇ ಹೊಲಿದದ್ದು. ಹಂಗಾರ ಇಷ್ಟೊತ್ತನಕಾ ಪರಊರ ಮಂದಿಗತೆ ಯಾಕ ನಿಂತಿದ್ದಿ?” ಆಮೇಲೆ ಕಟ್ಟೆಯ ಸುತ್ತಲಿದ್ದವರ ಕಡೆ ತಿರುಗಿ ಹೇಳಿಬಿಟ್ಟಳು: “ನಾಳೆ ಮಧ್ಯಾಹ್ನ ಹೊತ್ತ ನೆತ್ತಿಗೆ ಬರೂತನಕ ಮೋಟರ್ ಹಚ್ಚಬ್ಯಾಡ್ರಿ. ಆಮ್ಯಾಲ ನಿಲ್ಲಂಗಿಲ್ಲ, ನನ್ನ ಕಬ್ಬು ಒಣಗತೈತಿ.”

ಗಿರಣಿಯ ಹುಸೇನಸಾಬ “ನಾನೂ ಬಾಗಲಾ ತೆಗ್ಯಂಗಿಲ್ಲ ಬಿಡ್ರಿ ಅಕ್ಕಾರ” ಎಂದ.

ಒಂದು ತೊಡಕಿತ್ತು. ಮೋಟರುಗಳಿಗೆ ಆಟೋ ಸ್ಟಾರ್ಟರ್ ಇರುತ್ತದೆ. ಯಾರೂ ಮುಟ್ಟದಿದ್ದರೂ ಕರೆಂಟು ಬಂದ ಕ್ಷಣ ತಾನೇ ಶುರುವಾಗುತ್ತದೆ. ಸೋಮವಾರ ನಸುಕಿನಲ್ಲಿ ಊರಿನ ಗಂಡಸರೇ ದಡದುದ್ದಕ್ಕೂ ನಡೆದು ಒಂದೊಂದೇ ಸ್ಟಾರ್ಟರ್ ಆರಿಸಿ ಬಂದರು. ಹೊತ್ತು ಮೂಡಿದಾಗ ತಂಗಡಗಿಯಲ್ಲಿ ನೀರು ಹರಿಯುವ ಸದ್ದು ಕೇಳುತ್ತಿತ್ತು. ಎಷ್ಟೋ ವರ್ಷಕ್ಕೆ ಹೊಳೆಯ ದನಿ ಕೇಳಿದೆ ಎಂದು ಒಬ್ಬ ಮುದುಕ ಹೇಳಿದ.

ದಾಖಲೆಯ ವ್ಯಾನಿನಲ್ಲಿ ಶೇಷಾದ್ರಿಯವರು ನನ್ನ ಪಕ್ಕ ಕೂತರು. “ಮೊದಲು ಗುರುತು ಹಾಕಿ. ಗೆರೆ ಬಂದ ಮೇಲೆ ಇಲ್ಲೇ ಅಂದಿದ್ದೆ ಅನ್ನೋದು ನಡೆಯಲ್ಲ.” ಅವರ ಮಾತು ನ್ಯಾಯವಾದದ್ದು. ಉತ್ತರದ ಗೆರೆಯ ಓರೆಯನ್ನು ಹಾಗೇ ಮುಂದಕ್ಕೆ ಎಳೆದು ಲೆಕ್ಕ ಹಾಕಿ, ಪರದೆಯ ಮೇಲೆ ಅದು ಬರಬೇಕಾದ ಜಾಗಕ್ಕೆ ಕೆಂಪು ಇನ್ಸುಲೇಷನ್ ಟೇಪಿನ ಪಟ್ಟಿ ಅಂಟಿಸಿದೆ.

ನೆಲ ಕೊರೆಯುವುದಿಲ್ಲವಲ್ಲ ಎಂದು ನಮ್ಮ ಆಳುಗಳೂ ರಜೆ ಬಿಟ್ಟು ಬಂದಿದ್ದರು. ಲಾರಿಗಳು ಕೆಲಸ ಶುರು ಮಾಡಿದವು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ನಡುಗಿಸಿ, ಬಂದ ದನಿಗಳನ್ನೆಲ್ಲ ಒಂದರ ಮೇಲೊಂದು ಕೂಡಿಸಬೇಕು. ಹಾಗೆ ಕೂಡಿಸಿದಾಗ ಗದ್ದಲ ತನ್ನನ್ನು ತಾನೇ ಕಳೆದುಕೊಳ್ಳುತ್ತದೆ, ನಿಜದ ದನಿ ಗಟ್ಟಿಯಾಗುತ್ತದೆ. ಮೂರನೆಯ ಜಾಗಕ್ಕೆ ಬಂದಿದ್ದೆವು, ಆಗ ಪರದೆಯ ತುಂಬ ಹುಳು ಎದ್ದವು. ಹೊರಗೆ ಇಣುಕಿದರೆ ಪಕ್ಕದೂರಿನ ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಬರುತ್ತಿದೆ. ನಾನು ಇಳಿದು ಓಡುವಷ್ಟರಲ್ಲಿ ಗಂಗವ್ವ ದಾರಿಯ ನಡುವೆ ಹಗ್ಗದ ಹೊರಸು ಹಾಕಿಸಿಕೊಂಡು ಕೂತಾಗಿತ್ತು.

“ಬಂದ್ ಮಾಡೋ ಅದನ್ನ. ಸೋಮಾರ ಐತಿ.”

“ಟ್ರ್ಯಾಕ್ಟರಿಗ್ಯಾವ ಸೋಮಾರಬೇ ಯಮ್ಮಾ? ಅದೇನ ಎತ್ತೇನು?”

“ನನ್ನ ಮುಂದ ನಿಂತಷ್ಟೊತ್ತು ಅದಕ್ಕೂ ಸೋಮಾರ. ಇಳದ ಬಾ, ಚಹಾ ಕುಡಿ.”

ಆತ ಇಳಿದ. ಹಾಡು ನಿಂತಿತು. ಪರದೆ ಮತ್ತೆ ತಿಳಿಯಾಯಿತು.

ಹೊತ್ತು ನೆತ್ತಿಯ ಹತ್ತಿರ ಬಂದಾಗ ಕಡೆಯ ಜಾಗವೂ ಮುಗಿಯಿತು. ವ್ಯಾನಿನ ಕಂಪ್ಯೂಟರು ದನಿಗಳನ್ನು ಕೂಡಿಸಲು ಶುರು ಮಾಡಿತು. ಮಸುಕಾದ ಬೂದು ಬಣ್ಣ. ಅದರೊಳಗಿಂದ ಮೊದಲು ಮೇಲಿನ ಪದರಗಳು ಮೂಡಿದವು. ಆಮೇಲೆ ಪಟ್ಟಿಯ ಎಡಕ್ಕೆ, ಕೆಳಗಿನಿಂದ, ಎಳೆ ಹೊಸೆದಂತೆ ಒಂದು ಕಪ್ಪು ಮೇಲೇರಿ ಬಂತು. ಬಂದು ನನ್ನ ಟೇಪಿನ ಕೆಳಗೆ ಹೊಕ್ಕಿತು. ಟೇಪಿನ ಬಲಕ್ಕೆ ಮತ್ತೆ ಹೊರಟಿತು, ಅದೇ ಓರೆ, ಅದೇ ನಡಿಗೆ. ಕರಿಕಲ್ಲೇ ಇಲ್ಲದ ನೆಲದಲ್ಲಿ ಯಾವ ದೆವ್ವ ಗೆರೆ ಎಳೆಯುತ್ತದೆ?

ಶೇಷಾದ್ರಿಯವರು ಕನ್ನಡಕ ತೆಗೆಯಲಿಲ್ಲ. “ಟೇಪ್ ತೆಗೀರಿ. ಅದರ ಕೆಳಗೇನಿದೆ ನೋಡೋಣ” ಎಂದರು.

ಉಗುರಿನಿಂದ ಅಂಚು ಎಬ್ಬಿಸಿ ಎಳೆದೆ. ಗೆರೆ ಎಲ್ಲಿಯೂ ತುಂಡಾಗಿರಲಿಲ್ಲ. ಟೇಪು ಇದ್ದಷ್ಟು ಜಾಗದಲ್ಲಿ ಕಪ್ಪಗೆ, ದಪ್ಪಗೆ, ಯಾರಪ್ಪನ ಹೆದರಿಕೆಯೂ ಇಲ್ಲದ ಹಾಗೆ ಕೂತಿತ್ತು. ಇಂಡಿಯ ಆಳದಿಂದ ಹೊರಟದ್ದು ತಂಗಡಗಿಗೆ ಬಂದು ಮುಟ್ಟಿತ್ತು.

ಶೇಷಾದ್ರಿಯವರು ಎರಡು ಸಲ ತಲೆಯಾಡಿಸಿ ಫೋನು ತೆಗೆದುಕೊಂಡರು. ಲಾರಿ ಕೇಳಿದ್ದ ತಂಡದವರಿಗೆ ಅವರು ಹೇಳಿದ್ದು ಇಷ್ಟು: “ಲಾರಿಗಳು ಬರೋದಿಲ್ಲ. ಇಲ್ಲ, ಮುಂದಿನ ವಾರವೂ ಇಲ್ಲ. ಮೇಲಿನವರಿಗೆ ನಾನೇ ಹೇಳ್ಕೋತೀನಿ. ನಮ್ಮ ಹಸೀನಾ ಇಲ್ಲಿ ಒಂದು ಖಂಡದ ಅಂಚು ಹಿಡಿದಿದ್ದಾರೆ. ಹೊಳೆಯ ಆಚೆಗೂ ಹಿಡಿಯಬೇಕು.”

ನಾನು ವ್ಯಾನಿನ ಬಾಗಿಲು ನೂಕಿ ಹೊರಗೆ ಬಂದೆ. ಬಿಸಿಲಿಗೆ ಕಣ್ಣು ಕತ್ತಲೆಗಟ್ಟಿತು. ದಡದ ಮೇಲೆ ಗಂಡಸರು ಒಬ್ಬೊಬ್ಬರು ಒಂದೊಂದು ಸ್ಟಾರ್ಟರಿನ ಪಕ್ಕ ಕೂತಿದ್ದಾರೆ. ನೆರಳು ಕಾಲ ಕೆಳಗೆ ಬಂದು ಆಗಲೇ ಸ್ವಲ್ಪ ಹೊತ್ತಾಗಿತ್ತು, ಆದರೂ ಯಾರೂ ಗುಂಡಿ ಒತ್ತಿರಲಿಲ್ಲ. ಗಂಗವ್ವ ಹೊರಸಿನ ಮೇಲಿಂದಲೇ ಕೂಗಿದಳು:

“ಏನಾತಬೇ ನದಾಫರ ಹುಡುಗಿ? ಸಿಕ್ತೇನ?”

“ಸಿಕ್ತ್ರಿ ಯವ್ವಾ!” ಅಷ್ಟು ಜೋರಾಗಿ ನಾನು ಜನ್ಮದಲ್ಲಿ ಕೂಗಿರಲಿಲ್ಲ. “ಸಿಕ್ತು! ಮೋಟರ್ ಹಚ್ಚರಿ!”

ಮೊದಲು ಗಂಗವ್ವನದು ಗುರ್ ಎಂದಿತು. ಅದರ ಪಕ್ಕದ್ದು, ಆಮೇಲೆ ಅದರಾಚೆಯದು, ಹಾಗೇ ಹೊಳೆಯ ತಿರುವಿನವರೆಗೂ ಒಂದಾದ ಮೇಲೊಂದು ಎದ್ದವು. ವ್ಯಾನಿನ ಒಳಗಿನ ಪರದೆ ಆ ಗದ್ದಲಕ್ಕೆ ಕ್ಷಣದಲ್ಲಿ ಕೆಸರಾಗಿರಬೇಕು. ನಾನು ತಿರುಗಿ ನೋಡಲಿಲ್ಲ. ಪೈಪುಗಳ ಬಾಯಿಂದ ನೀರು ಧುಮುಕಿ ಕಬ್ಬಿನ ಸಾಲಿಗೆ ನುಗ್ಗುವುದನ್ನು ನೋಡುತ್ತ, ಕಾಲ ಕೆಳಗಿನ ನಡುಕವನ್ನು ಅನುಭವಿಸುತ್ತ, ಅಲ್ಲೇ ನಿಂತುಕೊಂಡೆ.